ಕಾಗದದಲ್ಲಿ ಬಾರದ ಒಂದು ವರ್ಷ

ಧೈರ್ಯ ಮಾಡಿಕೊಂಡೇ ಓದಬೇಕಾದ ಕಾಗದ ಯಾವುದೆಂದು ಯಾರಾದರೂ ಕೇಳಿದರೆ, ನಾನು ಫ್ಯಾನಿ ಬರ್ನಿ ತನ್ನ ಅಕ್ಕ ಎಸ್ತರಳಿಗೆ 1812ರಲ್ಲಿ ಬರೆದುದನ್ನು ಹೇಳುತ್ತೇನೆ. 1778ರಲ್ಲಿ ‘ಎವೆಲಿನಾ’ ಕಾದಂಬರಿಯಿಂದ ಲಂಡನ್ನಿನಲ್ಲಿ ಮನೆಮಾತಾದ ಈಕೆ ಮುಂದೆ ಫ್ರೆಂಚ್ ಸೇನಾನಿಯೊಬ್ಬನನ್ನು ಮದುವೆಯಾದಳು. ನೆಪೋಲಿಯನ್ನನ ಯುದ್ಧಗಳ ದೆಸೆಯಿಂದ ತೌರಿಗೆ ದೂರವಾಗಿ ಪ್ಯಾರಿಸ್ಸಿನಲ್ಲೇ ಉಳಿದಳು. ಅಲ್ಲಿ 1811ರ ಸೆಪ್ಟೆಂಬರ್ 30ರಂದು, ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ತನವನ್ನು ತೆಗೆಸಿಕೊಳ್ಳಬೇಕಾಯಿತು. ಮೈಮರೆಸುವ ಈಥರ್ ಶಸ್ತ್ರವೈದ್ಯಕ್ಕೆ ಬಂದದ್ದು 1846ರಲ್ಲಿ. ಈಕೆಗೆ ದೊರೆತದ್ದು ಒಂದು ಗುಟುಕು ಮದ್ಯ, ಮುಖದ ಮೇಲೊಂದು ತೆಳು ಕರವಸ್ತ್ರ, ಅಷ್ಟೆ.

ಕಾಗದದ ಕಲೆಯನ್ನು ಕುರಿತು ಮೊದಲು ಎರಡು ಮಾತು. ಕಾದಂಬರಿಕಾರ್ತಿಯ ಕಣ್ಣು ಇಲ್ಲಿ ಒಂದು ಕ್ಷಣವೂ ಮುಚ್ಚುವುದಿಲ್ಲ. ಕಪ್ಪು ಉಡುಪಿನ ಏಳು ಮಂದಿ ಹೇಳದೆ ಕೇಳದೆ ಕೋಣೆಗೆ ನುಗ್ಗುವುದು, ಕರವಸ್ತ್ರದೊಳಗಿಂದಲೇ ಉಕ್ಕಿನ ಹೊಳಪು ಕಾಣುವುದು, ಎಲ್ಲವೂ ನಮ್ಮೆದುರೇ ನಡೆದಂತಿದೆ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವ ಸನ್ನಿವೇಶ ಕತ್ತಿಯದಲ್ಲ, ಬೆರಳಿನದು. ವೈದ್ಯನೊಬ್ಬ ಗಾಳಿಯಲ್ಲಿ ಬೆರಳಾಡಿಸಿ ಒಂದು ಗೆರೆ, ಒಂದು ಅಡ್ಡಗೆರೆ, ಸುತ್ತಲೂ ಒಂದು ವೃತ್ತ ಬರೆಯುತ್ತಾನೆ: ಇಡಿಯಾಗಿ ತೆಗೆಯಬೇಕು ಎಂದರ್ಥ. ವಸ್ತ್ರದೊಳಗಿಂದ ಅದನ್ನು ಕಂಡ ಆಕೆ ಎದ್ದು ಕುಳಿತು, ಮುಸುಕನ್ನು ಕಿತ್ತೆಸೆದು, ತನ್ನ ನೋವೆಲ್ಲ ಒಂದೇ ಕಡೆಯಿಂದ ಹುಟ್ಟುತ್ತದೆಂದು ವಿವರಿಸುತ್ತಾಳೆ. ಅವರು ಮೌನವಾಗಿ ಕೇಳುತ್ತಾರೆ, ಮುಸುಕನ್ನು ಮತ್ತೆ ಹೊದಿಸುತ್ತಾರೆ. ಬೆರಳು ಮತ್ತೆ ಅದೇ ವೃತ್ತವನ್ನು ಬರೆಯುತ್ತದೆ. ಕರುಣೆಗೂ ಭಯಕ್ಕೂ ಇಷ್ಟು ಸಮೀಪದಲ್ಲಿ ನಿಂತ ಚಿತ್ರವನ್ನು ನಾನು ಬೇರೆಲ್ಲೂ ಓದಿಲ್ಲ.

ಇಷ್ಟು ಮೆಚ್ಚಿಯೂ ನನ್ನದೊಂದು ತಕರಾರಿದೆ. ನೋವು ಮೊದಲು ಕಾಣಿಸಿಕೊಂಡದ್ದು 1810ರ ಆಗಸ್ಟಿನಲ್ಲಿ ಎಂದು ಬರ್ನಿಯೇ ಹೇಳುತ್ತಾಳೆ. ವೈದ್ಯರಿಗೆ ತೋರಿಸೆಂದು ಗಂಡ ಒತ್ತಾಯಿಸುತ್ತಾನೆ. ಈಕೆ, ಜೋಪಾನವಾಗಿದ್ದರೆ ತಾನೇ ಹೋದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ. ನೋವು ಹುಟ್ಟಿದ ದಿನದಿಂದ ಕತ್ತಿಯ ದಿನಕ್ಕೆ ಒಂದು ವರ್ಷಕ್ಕೂ ಮೇಲಾಯಿತು. ಆ ವರ್ಷ ಕಾಗದದಲ್ಲಿ ಬೇಗ ಬೇಗ ಕಳೆದುಹೋಗುತ್ತದೆ. ಇಪ್ಪತ್ತು ನಿಮಿಷದ ಶಸ್ತ್ರಕ್ರಿಯೆ ಮಾತ್ರ ಮಹಾಕಾವ್ಯದಂತೆ ಬೆಳೆಯುತ್ತದೆ. ನಿಜವಾದ ಕಥೆ ಆ ವರ್ಷದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಈ ದೋಷ ಇನ್ನೂ ಹೆಚ್ಚು. ನಮ್ಮ ಕಥೆಗಳಲ್ಲಿ, ಚಲನಚಿತ್ರಗಳಲ್ಲಿ ಕ್ಯಾನ್ಸರ್ ಬರುವುದು ಬಹುಮಟ್ಟಿಗೆ ಕಣ್ಣೀರಿನ ಕೊನೆಯ ಅಂಕಕ್ಕೆ. ಅದು ವಿಧಿಯಂತೆ ಎರಗುತ್ತದೆ. ಯಾರೂ ಅದನ್ನು ಕೈಯಿಂದ ಮುಟ್ಟಿ ನೋಡುವುದಿಲ್ಲ. ಪ್ರಾಚೀನ ಕಾವ್ಯಗಳನ್ನು ತೆಗೆದರೆ ಸ್ತನವೆಂಬುದು ಕಲಶ, ಚಕ್ರವಾಕ, ಆನೆಯ ಕುಂಭಸ್ಥಳ. ಉಪಮಾನಕ್ಕೆ ಬಡತನವಿಲ್ಲ, ಮನೆಮಾತಿನಲ್ಲಿ ಮಾತ್ರ ಆ ಅಂಗಕ್ಕೆ ನಾಚದೆ ಆಡಬಹುದಾದ ಹೆಸರಿಲ್ಲ. ‘ಎದೆ’ ಎನ್ನುತ್ತೇವೆ. ಎದೆಹಾಲೂ ಎದೆಯೇ, ಎದೆಗಾರಿಕೆಯೂ ಎದೆಯೇ. ‘ಎದೆನೋವು’ ಎಂದರೆ ಕೇಳಿದವರು ಹೃದಯದ ವೈದ್ಯರ ವಿಳಾಸ ಕೊಡುತ್ತಾರೆ.

ಇದನ್ನು ನಾನು ಶಬ್ದಚಮತ್ಕಾರಕ್ಕೆ ಹೇಳುತ್ತಿಲ್ಲ. ನನ್ನ ಸೋದರತ್ತೆ ವಾರಕ್ಕೆ ಎರಡು ಕಾದಂಬರಿ ಓದುತ್ತಿದ್ದರು. ಕ್ಯಾನ್ಸರಿನಿಂದ ಸಾಯುವ ನಾಯಕಿಯರಿಗಾಗಿ ಸೆರಗು ನೆನೆಯುವಷ್ಟು ಅಳುತ್ತಿದ್ದರು. ಅದೇ ಸೆರಗಿನ ಮರೆಯಲ್ಲಿ ಒಂದೂವರೆ ವರ್ಷ ಒಂದು ಗಂಟನ್ನು ಇಟ್ಟುಕೊಂಡಿದ್ದರು. ತಿಳಿದಾಗ, “ಯಾಕತ್ತೆ ಹೇಳಲಿಲ್ಲ?” ಎಂದೆ. “ನೋವೇ ಇರಲಿಲ್ಲ ಕಣೇ. ನೋವಿಲ್ಲದ್ದನ್ನ ಏನೂಂತ ಹೇಳೋದು? ಮನೆ ತುಂಬ ಗಂಡಸರು, ಆ ಜಾಗದ ಹೆಸರೆತ್ತೋದಾದರೂ ಹೇಗೆ?” ಎಂದರು. ಅಷ್ಟೊಂದು ಕಾದಂಬರಿಗಳಲ್ಲಿ ಒಂದಾದರೂ ಅವರಿಗೆ, ಇಂಥ ಗಂಟು ಬಹಳ ಸಲ ನೋಯುವುದೇ ಇಲ್ಲ ಎಂದು ತಿಳಿಸಿರಲಿಲ್ಲ.

ತಿಳಿಸಬೇಕಾದದ್ದು ಬಹಳವೇನೂ ಇಲ್ಲ. ವೈದ್ಯರು ಮೊದಲು ಕೇಳುತ್ತಾರೆ: ವಯಸ್ಸೆಷ್ಟು, ಗಂಟು ಎಂದಿನಿಂದ ಇದೆ, ತಾಯಿಗೋ ಅಕ್ಕತಂಗಿಯರಿಗೋ ಈ ರೋಗವಿತ್ತೇ. ಆಮೇಲೆ ನೋಡುತ್ತಾರೆ: ಕೈಗಳನ್ನು ಮೇಲೆತ್ತಿದಾಗ ಚರ್ಮ ಎಲ್ಲಿಯಾದರೂ ಗುಳಿ ಬೀಳುವುದೇ, ತೊಟ್ಟು ಹೊಸದಾಗಿ ಒಳಸೆಳೆದಿದೆಯೇ, ರಕ್ತ ಒಸರುವುದೇ. ಕೊನೆಗೆ ಬೆರಳುಗಳ ಮೆತ್ತನೆಯ ಭಾಗದಿಂದ ಸ್ತನವನ್ನೂ ಕಂಕುಳನ್ನೂ ಒತ್ತಿ ಪರೀಕ್ಷಿಸುತ್ತಾರೆ. ಸಂಶಯವಿದ್ದರೆ ಮ್ಯಾಮೊಗ್ರಾಮ್ ಅಥವಾ ಅಲ್ಟ್ರಾಸೌಂಡ್. ಬೇಕಾದರೆ ಸೂಜಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಈ ಮೂರೂ ಒಂದೇ ಮಾತು ಹೇಳಿದರೆ ತೀರ್ಮಾನ ಗಟ್ಟಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲವೇ ಅಲ್ಲ. ಹಾಗೆಯೇ, ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂಬ ನೆಮ್ಮದಿಯೂ ಸಲ್ಲದು. ಈ ರೋಗ ಬಂದವರಲ್ಲಿ ಬಹುಪಾಲು ಹೆಂಗಸರ ಮನೆತನದಲ್ಲಿ ಅದು ಹಿಂದೆ ಇರುವುದಿಲ್ಲ.

ಬರಿಯ ಕೈಯ ಪರೀಕ್ಷೆಗೆ ಏನು ಬೆಲೆ ಎನ್ನುವವರು ಮುಂಬಯಿಯ ಕಡೆ ನೋಡಬೇಕು. ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಅಲ್ಲಿನ ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿದರು. ಅರ್ಧದಷ್ಟು ಮಂದಿಯನ್ನು ತರಬೇತಾದ ಮಹಿಳಾ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲವಿದು: ಪರೀಕ್ಷಿಸಿದವರಲ್ಲಿ ರೋಗ ಬೇಗನೆ ಗೊತ್ತಾಯಿತು, ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ನೂರಕ್ಕೆ 30ರಷ್ಟು ತಗ್ಗಿತು. ಐವತ್ತರ ಒಳಗಿನವರಲ್ಲಿ ಸಾವು ತಗ್ಗಿದ್ದು ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಕೈ ಪವಾಡ ಮಾಡುವುದಿಲ್ಲ.

ಸಾಹಿತ್ಯದಲ್ಲಿ ಆ ಕಾಯುವ ಕಾಲವನ್ನು ಯಾರೂ ಬರೆದಿಲ್ಲವೆಂದಲ್ಲ. ಅಮೆರಿಕದ ಕವಿ ಆಡ್ರಿ ಲಾರ್ಡ್ 1977ರಲ್ಲಿ ಗಂಟೊಂದನ್ನು ಪರೀಕ್ಷೆ ಮಾಡಿಸಿಕೊಂಡು, ಅದು ಕ್ಯಾನ್ಸರ್ ಅಲ್ಲವೆಂದು ತಿಳಿದ ಮೇಲೆ, ಕಾದ ಆ ಮೂರು ವಾರಗಳನ್ನೇ ಚಿಂತನೆಗೆ ವಸ್ತು ಮಾಡಿಕೊಂಡರು: ಮೌನವು ತನ್ನನ್ನು ಕಾಪಾಡಲಿಲ್ಲ ಎಂದು ಕಂಡುಕೊಂಡರು. ಮರುವರ್ಷ ನಿಜವಾಗಿಯೂ ರೋಗ ಬಂತು; ಸ್ತನವನ್ನು ಕಳೆದುಕೊಂಡರು; 1980ರಲ್ಲಿ ‘ದಿ ಕ್ಯಾನ್ಸರ್ ಜರ್ನಲ್ಸ್’ ಪ್ರಕಟಿಸಿದರು. ಬರ್ನಿ ಮಾಡದೆ ಬಿಟ್ಟ ಕೆಲಸವನ್ನು ಈ ಪುಸ್ತಕ ಮಾಡುತ್ತದೆ.

ಬರ್ನಿಯ ಮೇಲೆ ಹೀಗೆ ತಪ್ಪು ಹೊರಿಸುವುದು ನ್ಯಾಯವೇ? ಬರೆದುದನ್ನು ಮತ್ತೆ ಓದುವ ಧೈರ್ಯ ಕೂಡ ತನಗಿಲ್ಲವೆಂದು ಆಕೆ ಒಪ್ಪಿಕೊಳ್ಳುತ್ತಾಳೆ. ಅಂಥವಳು ಬೇರೆ ಬಾಯಿಂದ ಸುದ್ದಿ ಹೋಗಿ ತೌರಿನವರು ಹೆದರಬಾರದೆಂದು, ತಿಂಗಳುಗಟ್ಟಲೆ ಒದ್ದಾಡಿ ತಾನೇ ಬರೆದಳು. ಆಮೇಲೆ 1840ರವರೆಗೆ ಬಾಳಿದಳು. ಅಂಗಕ್ಕೆ ಹೆಸರಿಟ್ಟು, ಅಕ್ಕನಿಗೆ, ತನ್ನ ಕೈಯಾರೆ ಬರೆದಳಲ್ಲ, ಅಷ್ಟು ಸಾಕು. ನನ್ನ ಅತ್ತೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ರೋಗ ಬೆನ್ನುಮೂಳೆಗೆ ಹಬ್ಬಿತ್ತು. ಅವರಿಗೂ ಒಬ್ಬ ಅಕ್ಕ ಇದ್ದರು, ಪಕ್ಕದ ಬೀದಿಯಲ್ಲೇ.