ಜಾತ್ರೆಯ ಸಂಗೀತ ನಾಟಕ ನಿಂತುದೇಕೆ? ಅದರ ಎಡೆಗೆ ಯಾವುದು?

ಮಾಘಮಾಸ ಬಂದಿತೆಂದರೆ ನಮ್ಮ ಸೀಮೆಗೆ ಜಾತ್ರೆಗಳ ಕಾಲ. ಭರತ ಹುಣ್ಣಿಮೆಯ ವೇಳೆಗೆ ಹಡಗಲಿ ತಾಲೂಕಿನ ಮೈಲಾರದಲ್ಲಿ ಕಾರಣಿಕ. ಅದಾದ ಕೆಲವೇ ದಿನಗಳಿಗೆ ಕೊಟ್ಟೂರಿನಲ್ಲಿ ಗುರು ಬಸವೇಶ್ವರಸ್ವಾಮಿಯ ರಥೋತ್ಸವ. ಶಿವರಾತ್ರಿಯ ಹೊತ್ತಿಗೆ ಕುರುವತ್ತಿಯ ತೇರು. ಸುಗ್ಗಿ ಮುಗಿದು ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ಆ ದಿನಗಳಲ್ಲಿ, ತೇರಿನಷ್ಟೇ ನಂಬಿಕೆಯಿಂದ ಜನ ಎದುರುನೋಡುತ್ತಿದ್ದುದು ನಾಟಕದ ಕಂಪನಿಯನ್ನು. ಇಂದಿಗೂ ಅಲ್ಲಲ್ಲಿ ಕಂಪನಿಗಳು ಬರುತ್ತವೆ. ತಗಡಿನ ರಂಗಮಂದಿರ ಏಳುತ್ತದೆ, ಬಣ್ಣದ ಫಲಕ ಏರುತ್ತದೆ. ಆದರೆ ಒಳಗೆ ಹಾಡಿಲ್ಲ. ನಾಟಕ ಉಳಿದಿದೆ, ಸಂಗೀತ ನಾಟಕ ನಿಂತಿದೆ. ಏಕೆ ನಿಂತಿತು, ಅದರ ಎಡೆಯನ್ನು ಯಾವುದು ತುಂಬೀತು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಆಡಳಿತದ ಗೆರೆಗಳು ಪದೇ ಪದೇ ಬದಲಾಗಿವೆ. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಆದರೆ ಇಲ್ಲಿನ ಜನರ ಕಿವಿಯ ಸೀಮೆ ಬದಲಾಗಲಿಲ್ಲ. ಒಂದು ಕಡೆ ಗದಗು ಧಾರವಾಡಗಳ ಹಿಂದೂಸ್ತಾನಿ ಗಾಯನ, ಇನ್ನೊಂದು ಕಡೆ ಬಳ್ಳಾರಿ ರಾಘವಾಚಾರ್ಯರಂಥ ಮಹಾನಟರನ್ನು ಕೊಟ್ಟ ಬಳ್ಳಾರಿಯ ರಂಗಭೂಮಿ. ಇವೆರಡರ ನಡುವೆ ಬೆಳೆದ ಕಿವಿ ನಮ್ಮವರದು. ‘ರಕ್ತರಾತ್ರಿ’ಯ ದ್ರೌಪದಿಯಾಗಿ ಹೆಸರಾಗಿ, 2020ರಲ್ಲಿ ಲಿಂಗೈಕ್ಯರಾದ ಸುಭದ್ರಮ್ಮ ಮನ್ಸೂರು ಅವರ ಹಾಡನ್ನು ಕೇಳಿದ ಹಿರಿಯರು ಈ ಮಾತಿಗೆ ಸಾಕ್ಷಿಯಾಗಿದ್ದಾರೆ.

ಸಂಗೀತ ನಾಟಕದ ಬಲವನ್ನು ಅರಿಯಲು ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ಕಟ್ಟಿದ ಆ ಸಂಘವು ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿ ಬಸವಣ್ಣನವರನ್ನು ರಂಗದ ಮೇಲೆ ತಂದಿತು. ಬಾಳಪ್ಪನವರು ಪಾತ್ರದೊಳಗಿದ್ದೇ ಹಾಡುತ್ತಿದ್ದರು. ಅಲ್ಲಿ ಗೀತೆಯು ಮಾತಿನ ನಡುವೆ ಸಿಕ್ಕಿಸಿದ ಅಲಂಕಾರವಾಗಿರಲಿಲ್ಲ. ಮಾತು ತಡೆದು ನಿಂತಲ್ಲಿ ಅನುಭಾವ ಮುಂದುವರಿಯುವ ದಾರಿಯಾಗಿತ್ತು. ನಮ್ಮ ಪೂರ್ವಾಶ್ರಮದ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುವಾಗ ಅವರ ಬಾಯಲ್ಲಿ ವಚನಗಳಿರುತ್ತಿದ್ದವು, ಅವೂ ನಾಟಕದ ಧಾಟಿಯಲ್ಲಿ. ಯಾವ ಪುರಾಣದಿಂದಲೂ ಅಲ್ಲ, ಯಾವ ಪುಸ್ತಕದಿಂದಲೂ ಅಲ್ಲ, ಜಾತ್ರೆಯ ಬಸವಣ್ಣನ ನಾಟಕದಿಂದ ಅವರಿಗೆ ಶರಣರ ಪರಿಚಯವಾಗಿತ್ತು. ಅಂಥ ಸಾವಿರಾರು ತಾಯಂದಿರಿಗೆ ಆ ರಂಗವೇ ಶಾಲೆ. ಆದುದರಿಂದ ಸಂಗೀತ ನಾಟಕ ನಿಂತುದು ಕೇವಲ ಒಂದು ಮನರಂಜನೆಯ ನಷ್ಟವಲ್ಲ.

ಸಿನಿಮಾ ಬಂದುದರಿಂದ ನಾಟಕ ಸತ್ತಿತೆಂದು ಎಲ್ಲರೂ ಹೇಳುವರು. ಈ ಮಾತನ್ನು ತುಸು ಒರೆಗೆ ಹಚ್ಚಿ ನೋಡಬೇಕು. ‘ಜಗಜ್ಯೋತಿ ಬಸವೇಶ್ವರ’ ಎಂಬ ಹೆಸರಿನ ಚಲನಚಿತ್ರವೇ 1959ರಲ್ಲಿ ಬಂದಿತು. ಹೊನ್ನಪ್ಪ ಭಾಗವತರು ಅದರಲ್ಲಿ ಬಸವಣ್ಣನಾದರು. ಆದರೂ ಬಾಳಪ್ಪನವರ ಸಂಘವು ಅದರ ಬಳಿಕ ಎರಡು ದಶಕಗಳ ಕಾಲ ನಡೆದು, 1980ರ ದಶಕದ ಆದಿಯಲ್ಲಿ ಮುಚ್ಚಿತು. ತೆರೆಯ ಮೇಲೆ ನೋಡಿದವರು ರಂಗದ ಮೇಲೂ ನೋಡಿದರೆಂದೇ ಇದರ ಅರ್ಥ. ಸಿನಿಮಾ ನಾಟಕದಿಂದ ಮೊದಲು ಕಸಿದುಕೊಂಡದ್ದು ಪ್ರೇಕ್ಷಕನನ್ನಲ್ಲ, ಹಾಡುವ ನಟನನ್ನು. ಒಬ್ಬನು ತುಟಿಯಾಡಿಸಬೇಕು, ಇನ್ನೊಬ್ಬನು ಹಾಡಬೇಕು ಎಂಬ ಹಿನ್ನೆಲೆ ಗಾಯನದ ಪದ್ಧತಿ ಬೇರೂರಿದ ಮೇಲೆ, ನಟನೇ ಹಾಡಬೇಕೆಂಬ ನಿರೀಕ್ಷೆ ಮೆಲ್ಲಮೆಲ್ಲನೆ ಅಳಿಯಿತು. ಆ ಎರಡೂ ವಿದ್ಯೆಗಳನ್ನು ಬಲ್ಲ ಡಾ. ರಾಜಕುಮಾರರು ಕೂಡ ಗುಬ್ಬಿ ಕಂಪನಿಯಲ್ಲಿ ಪಳಗಿದವರೆಂಬುದನ್ನು ಮರೆಯಲಾಗದು.

ಇನ್ನು ಗಲ್ಲಾಪೆಟ್ಟಿಗೆಯ ಲೆಕ್ಕ. ಕಂಪನಿಯೆಂದರೆ ಹತ್ತಾರು ಜನರ ಒಂದು ಚಲಿಸುವ ಸಂಸಾರ. ನಟರು, ಪೇಟಿ ಮಾಸ್ತರರು, ತಬಲಾದವರು, ಪರದೆ ಎಳೆಯುವವರು, ಅಡುಗೆಯವರು ಎಲ್ಲರ ಊಟ ಆಟವಿದ್ದರೂ ನಡೆಯಬೇಕು, ಇಲ್ಲದಿದ್ದರೂ ನಡೆಯಬೇಕು. ಅಕಾಲದ ಮಳೆ ಬಂದರೆ ಆ ವಾರದ ಕಲೆಕ್ಷನ್ ಹೋಯಿತು. ಕ್ಯಾಂಪ್ ಬದಲಿಸಲು ಲಾರಿಯ ಬಾಡಿಗೆ, ಮೈದಾನಕ್ಕೆ ಬಾಡಿಗೆ, ವಿದ್ಯುತ್ತಿಗೆ ಠೇವಣಿ. ಇಂಥ ಇಕ್ಕಟ್ಟಿನಲ್ಲಿ ಮಾಲೀಕನು ಮೊದಲು ಕಡಿಮೆ ಮಾಡುವುದು ಯಾರನ್ನು? ಹಾಡುವವರನ್ನು ಮತ್ತು ನುಡಿಸುವವರನ್ನು. ಬಾಲ್ಯದಿಂದ ಹತ್ತು ವರ್ಷ ಕಲಿತು ಬರುವ ಗಾಯಕ ನಟನ ಬದಲಿಗೆ ಎರಡು ಜೋಡಿ ಹಾಸ್ಯಗಾರರು ಸಾಕೆಂದಾಯಿತು. ಆಮೇಲೆ ದ್ವಂದ್ವಾರ್ಥದ ಮಾತು ಬಂದಿತು. ಮೊದಲ ವಾರ ಶಿಳ್ಳೆ ಬಿದ್ದುದು ನಿಜ. ಆದರೆ ಹೆಂಗಸರ ಕಡೆಯ ಚಾಪೆಗಳು ಬರಿದಾದವು. ಹೆಣ್ಣುಮಕ್ಕಳು ಬಿಟ್ಟುಹೋದ ನಾಟಕ ಎರಡನೆಯ ತಿಂಗಳು ನಿಲ್ಲದು. ಉಳಿಯುವುದಕ್ಕೆಂದು ಹಿಡಿದ ಉಪಾಯವೇ ಬೇರನ್ನು ಕೊಯ್ದಿತು.

ಇಲ್ಲಿ ಸಾಮಾಜಿಕ ನಾಟಕಗಳನ್ನು ಒಟ್ಟಾಗಿ ದೂಷಿಸುವುದು ನ್ಯಾಯವಲ್ಲ. ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಹಳ್ಳಿಯ ಬಡವನ ಸ್ವಾಭಿಮಾನವನ್ನು ಎತ್ತಿ ಹಿಡಿದ ನಾಟಕ. 1974ರಲ್ಲಿ ಸಿನಿಮಾ ತಾನೇ ಬಂದು ಅದನ್ನು ರಂಗಭೂಮಿಯಿಂದ ಎರವಲು ಪಡೆಯಿತು. ದೋಷ ವಸ್ತುವಿನದಲ್ಲ, ಹಾಡಿಗೂ ಸಂಯಮಕ್ಕೂ ಒಟ್ಟಿಗೆ ಬಾಗಿಲು ಮುಚ್ಚಿದವರದು.

ಮಠಗಳವರಾದ ನಮ್ಮ ದೋಷವನ್ನೂ ಮರೆಮಾಚಲಾಗದು. ಹಾನಗಲ್ಲ ಕುಮಾರಸ್ವಾಮಿಗಳು ಪಂಚಾಕ್ಷರಿ ಗವಾಯಿಗಳನ್ನು ಬೆಳೆಸಿದರು. ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತವಿತ್ತರು. ಆಶ್ರಮದ ನಾಟ್ಯಸಂಘವು ರಂಗದ ಮೇಲಿನ ದುಡಿಮೆಯಿಂದ ಮಕ್ಕಳ ದಾಸೋಹಕ್ಕೆ ನೆರವಾಯಿತು. ಹಾಡು, ನಾಟಕ, ಅನ್ನ ಮೂರೂ ಅಲ್ಲಿ ಒಂದೇ ಕಾಯಕವಾಗಿದ್ದವು. ನಾವಾದರೋ ಜಾತ್ರೆಯ ಬಯಲನ್ನು ಹೆಚ್ಚು ಬಾಡಿಗೆ ಕೊಟ್ಟವರಿಗೆ ಬಿಟ್ಟೆವು. ಆರ್ಕೆಸ್ಟ್ರಾದವರಿಗೆ ಒಂದೇ ರಾತ್ರಿಗೆ ದೊಡ್ಡ ಮೊತ್ತ ಕೊಟ್ಟು, ಮುಪ್ಪಿನ ಪೇಟಿ ಮಾಸ್ತರರಿಗೆ ಒಂದು ಶಾಲು ಹೊದಿಸಿ ಕಳುಹಿಸಿದೆವು. ನಾಟಕಕ್ಕೆ ಮೊದಲು ಒಂದು ಗಂಟೆ ಆಶೀರ್ವಚನ ಮಾಡಿ, ಪ್ರೇಕ್ಷಕರು ತೂಕಡಿಸುವ ಹೊತ್ತಿಗೆ ಪರದೆ ಏಳುವಂತೆ ಮಾಡಿದವರೂ ನಾವೇ.

ಹಾಗಾದರೆ ಮುಂದೇನು? ಹಳೆಯ ನಾಟಕವನ್ನೇ ಹಾಗೆಯೇ ಮತ್ತೆ ಆಡಿಸುವುದು ಒಂದು ದಾರಿ. ಆದರೆ ಪವಾಡದ ಬೆಳಕನ್ನೂ ಬಿಜ್ಜಳನ ಅಬ್ಬರವನ್ನೂ ಮಾತ್ರ ನೆಚ್ಚಿಕೊಂಡ, ಕಾಯಕದ ಶರಣೆಯರಿಗೆ ಎರಡು ಮಾತೂ ಇಲ್ಲದ ಬಸವಣ್ಣನ ನಾಟಕಗಳನ್ನೂ ನಾವು ಕಂಡಿದ್ದೇವೆ. ಅವು ಈ ಕಾಲದ ತರುಣಿಯೊಡನೆ ಮಾತನಾಡಲಾರವು. ಎರಡನೆಯ ದಾರಿ ಸಾಣೇಹಳ್ಳಿಯದು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ 1997ರಲ್ಲಿ ಶಿವಸಂಚಾರವನ್ನೂ ಕಟ್ಟಿ, ವರ್ಷಕ್ಕೆ ಮೂರು ನಾಟಕಗಳನ್ನು ನಾಡೆಲ್ಲ ತಿರುಗಿಸುವ ಪರಿಪಾಠ ಹಾಕಿದರು. ಮಠವೊಂದು ಕಲಾವಿದರಿಗೆ ವೇತನ ಕೊಟ್ಟು ರಂಗಭೂಮಿಯನ್ನು ನಡೆಸಬಲ್ಲುದೆಂಬುದಕ್ಕೆ ಅದು ಪ್ರಮಾಣ. ಆದರೆ ಸಂಚಾರದ ತಂಡ ಒಂದೆರಡು ರಾತ್ರಿ ಆಡಿ ಮುಂದಿನ ಊರಿಗೆ ಹೋಗುತ್ತದೆ. ನಮ್ಮ ಊರಿನ ಮಗು ಹಾಡಲು ಕಲಿಯುವ ಹೊಣೆಯನ್ನು ಅದರ ಮೇಲೆ ಹೊರಿಸಲಾಗದು. ಆ ಹೊಣೆ ನಮ್ಮದು.

ಹೊರಲು ಬೇಕಾದ ಬಲ ಇಲ್ಲಿಯೇ ಇದೆ. ಹಗರಿಬೊಮ್ಮನಹಳ್ಳಿಗೆ ನೆರೆಯ ಮರಿಯಮ್ಮನಹಳ್ಳಿ ರಂಗಕಲಾವಿದೆಯರ ತವರು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ಹಾಡಿ ಕುಣಿದು ಬೆಳೆದುದೂ ಆ ನೆಲದಲ್ಲಿಯೇ. ಹಡಗಲಿಯಲ್ಲಿ ಎಂ. ಪಿ. ಪ್ರಕಾಶರು ರಂಗಭಾರತಿಯ ಮೂಲಕ ಹೊಸ ನಾಟಕದ ಅಭಿರುಚಿಯನ್ನು ಬಿತ್ತಿದರು. ಹಳ್ಳಿಗಳ ತರುಣರು ಇಂದಿಗೂ ಖರ್ಚನ್ನು ತಾವೇ ಹಂಚಿಕೊಂಡು, ಮಾಸ್ತರರನ್ನು ಕರೆಸಿ, ತಿಂಗಳುಗಟ್ಟಲೆ ತಾಲೀಮು ಮಾಡಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಆಡುತ್ತಾರೆ, ಬಯಲಾಟದ ಭಾಗವತಿಕೆಯೂ ಪೂರ್ತಿ ಆರಿಲ್ಲ. ಕೇಳುವ ಕಿವಿ ಬತ್ತಿಲ್ಲವೆಂದಾಯಿತು. ಬತ್ತಿರುವುದು ಕಲಿಸುವ ಏರ್ಪಾಡು ಮತ್ತು ಕಲಿತವರಿಗೆ ಅನ್ನ.

ಆದುದರಿಂದ ನಮ್ಮ ಸೂಚನೆ ಇಷ್ಟು. ಐದು ತಾಲೂಕುಗಳ ಮಠಗಳು ಕೂಡಿ ಒಂದೇ ಒಂದು ನಾಟಕಕ್ಕೆ ಕೈಹಾಕಲಿ. ಒಬ್ಬ ಪೇಟಿ ಮಾಸ್ತರರಿಗೂ ಇಬ್ಬರು ಅನುಭವಿ ರಂಗಗಾಯಕಿಯರಿಗೂ ವರ್ಷಪೂರ್ತಿ ವೇತನ ಕೊಡಲಿ. ಅವರು ಪ್ರಸಾದ ನಿಲಯಗಳ ಹುಡುಗ ಹುಡುಗಿಯರಿಗೆ ಸಂಜೆ ಹಾಡಿಕೆ ಕಲಿಸಲಿ. ಮುದ್ರಿಸಿದ ಧ್ವನಿ ಬೇಡ. ಹಾಡುವವನು ಎದುರಿಗೇ ಹಾಡಬೇಕು, ತಪ್ಪಿದರೂ ಚಿಂತೆಯಿಲ್ಲ. ಮೈಲಾರದಿಂದ ಯುಗಾದಿಯವರೆಗೆ ಜಾತ್ರೆಯಿಂದ ಜಾತ್ರೆಗೆ ಆ ನಾಟಕ ಸಾಗಲಿ. ಪ್ರವೇಶ ಪುಕ್ಕಟೆಯಾಗದಿರಲಿ, ಚಿಕ್ಕ ಟಿಕೆಟ್ ಇರಲಿ. ಕಾಸು ಕೊಟ್ಟವನಿಗೆ ನಾಟಕ ಚೆನ್ನಾಗಿಲ್ಲವೆಂದು ಹೇಳುವ ಹಕ್ಕಿರುತ್ತದೆ, ಆ ಹಕ್ಕಿನಿಂದಲೇ ಕಲೆ ನೆಟ್ಟಗಾಗುತ್ತದೆ. ಬಯಲಿನ ಬಾಡಿಗೆಯನ್ನು ಮಠಗಳು ಬಿಟ್ಟುಕೊಡಲಿ.

ಇನ್ನೊಂದು ಎಚ್ಚರ ಉಂಟು. ಮಠದ ಹಣದಿಂದ ನಡೆಯುವ ನಾಟಕ ಮಠದ ಸ್ತುತಿಪಾಠವಾಗಬಾರದು. 1970ರ ದಶಕದಲ್ಲಿ ಬೆನಕ ತಂಡವು ಬಿ. ವಿ. ಕಾರಂತರ ನಿರ್ದೇಶನದಲ್ಲಿ ಆಡಿದ ಶ್ರೀರಂಗರ ‘ಸತ್ತವರ ನೆರಳು’ ಮಠದ ಗದ್ದುಗೆಯ ಹಂಬಲವನ್ನೇ ವಿಡಂಬಿಸಿತು. ದಾಸರ ಪದಗಳ ಹಾಡಿಕೆಯಿಂದ ಜನಮನವನ್ನೂ ಗೆದ್ದಿತು. ಕಾರಂತರು ಗುಬ್ಬಿ ಕಂಪನಿಯಿಂದ ಬಂದವರು. ಹಾಡು ಹಳೆಯದಾಗಿರಲಿಲ್ಲ, ಅದನ್ನು ಬಳಸುವ ಧೈರ್ಯ ಮಾತ್ರ ಬೇಕಾಗಿತ್ತೆಂಬುದನ್ನು ಅವರು ತೋರಿಸಿದರು. ನಮ್ಮನ್ನೂ ಪ್ರಶ್ನಿಸುವ ನಾಟಕಕ್ಕೆ ನಾವೇ ಎಡೆಗೊಟ್ಟರೆ ಶರಣರ ಮಾರ್ಗಕ್ಕೆ ಹತ್ತಿರವಾದೇವು.

ಮಠದ ಪ್ರಸಾದವುಂಡು ಓದಿ, ಇಂದು ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ, ಜಾತ್ರೆಗೆ ನೀವು ಕಾಣಿಕೆ ಕಳುಹಿಸುತ್ತೀರಿ, ಸಂತೋಷ. ಮುಂದಿನ ವರ್ಷ ಅದರಲ್ಲಿ ಒಂದು ಪಾಲನ್ನು ಒಬ್ಬ ಪೇಟಿ ಮಾಸ್ತರರ ವೇತನಕ್ಕೆಂದು ಬರೆದು ಕಳುಹಿಸಿರಿ. ತೇರು ಎಳೆಯಲು ಸಾವಿರ ಕೈಗಳಿವೆ. ಹಾಡು ಎತ್ತಿಕೊಡಲು ಒಂದು ಕಂಠ ಬೇಕಾಗಿದೆ.