ಲೇಖನಿಯೂ ಪಕ್ಷವೂ: ಡಿ.ವಿ.ಜಿ.ಯವರ ಪತ್ರಿಕಾಧರ್ಮದ ಒಂದು ವಿಮರ್ಶೆ

ಸ್ಥಳೀಯ ಪತ್ರಿಕಾವೃತ್ತಿಯಲ್ಲಿಯೂ ರಾಜ್ಯದ ಪಕ್ಷರಾಜಕಾರಣದಲ್ಲಿಯೂ ಒಟ್ಟಿಗೆ ಬಾಳಿದವರ ಬರಹವನ್ನು ನಾವು ಯಾವ ಅಳತೆಯಿಂದ ಅಳೆಯಬೇಕು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಅದೇ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ ಬಾಳು ಈ ಪ್ರಶ್ನೆಯ ವಿಚಾರಕ್ಕೆ ಉಚಿತವಾದ ಆರಂಭ.

1908ರ ಕಾನೂನಿನಂತೆ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕಾಗಿತ್ತು. ಅಂಥ ಕಾಲದಲ್ಲಿ, 1913ರಲ್ಲಿ, ಗುಂಡಪ್ಪನವರು ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. 1928ರ ‘ವೃತ್ತಪತ್ರಿಕೆ’ಯಲ್ಲಿ ಈ ವೃತ್ತಿಯ ಸ್ವರೂಪವನ್ನೂ ಕರ್ತವ್ಯವನ್ನೂ ವಿವೇಚಿಸಿದರು. ನ್ಯಾಯವಿಧಾಯಕ ಸಭೆಯ ಸದಸ್ಯರೂ ಆಗಿದ್ದರು. ಆದುದರಿಂದ ಅವರು ರಾಜಕೀಯದಿಂದ ದೂರ ನಿಂತವರೆಂಬ ಮಾತು ಸಲ್ಲದು. ಅವರು ಒಲ್ಲದೆ ಬಿಟ್ಟದ್ದು ರಾಜಕೀಯವನ್ನಲ್ಲ, ಪಕ್ಷದ ಕಟ್ಟನ್ನು.

ಈ ಆದರ್ಶಕ್ಕೆ ಗೌರಿಬಿದನೂರು ತಾಲ್ಲೂಕೇ ಒಂದು ಆಕ್ಷೇಪವನ್ನು ಒಡ್ಡುತ್ತದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಧ್ವಜದ ಸಲುವಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರು ಹತ್ತು ಮಂದಿಯೆಂದಿತು ಸರ್ಕಾರದ ಲೆಕ್ಕ. ಮೂವತ್ತಕ್ಕೂ ಹೆಚ್ಚೆಂದಿತು ಜನರ ಲೆಕ್ಕ. ವಿಚಾರಣೆಗೆ ವೇಪ ರಾಮೇಶಂ ಅವರ ಸಮಿತಿ ನೇಮಕವಾಯಿತು. ತೆಲುಗು ಮಾತು ಮನೆಮನೆಯಲ್ಲಿರುವ ಈ ಗಡಿಸೀಮೆಯ ಹಳ್ಳಿಗರ ಅಳಲು ಬೆಂಗಳೂರಿನ ಕನ್ನಡ ಪತ್ರಿಕೆಗೆ ಮುಟ್ಟಬೇಕಾದರೆ, ಕೇಳಿ ಬರೆಯುವವನೊಬ್ಬನು ನಡುವೆ ಇರಬೇಕಷ್ಟೆ. ನಿಷೇಧಾಜ್ಞೆಯ ದಿನಗಳಲ್ಲಿ ಅಂಥವನು ಚಳವಳಿಗೆ ಹೊರಗಾಗಿ ಉಳಿಯುವುದು ಸುಲಭಸಾಧ್ಯವಲ್ಲ. ರಾಜಧಾನಿಯ ಸಂಪಾದಕನಿಗೆ ದೊರೆಯುವ ತಾಟಸ್ಥ್ಯವನ್ನು ತಾಲ್ಲೂಕಿನ ಬಾತ್ಮೀದಾರನಿಂದ ಬಯಸುವುದು ಅನ್ಯಾಯವಾದೀತು.

ಹಾಗೆಂದು ಗುಂಡಪ್ಪನವರ ತತ್ತ್ವ ಬಿದ್ದುಹೋಗುವುದೇ? ಇಲ್ಲವೆಂದು ನಮ್ಮ ಅಭಿಪ್ರಾಯ. ಮಡಿದವರ ಸಂಖ್ಯೆಯನ್ನು ತಗ್ಗಿಸುವ ಆಸೆ ಅಧಿಕಾರಕ್ಕೆ ಇದ್ದಂತೆ, ಹೆಚ್ಚಿಸುವ ಆಸೆ ಚಳವಳಿಗೂ ಇದ್ದೀತು. ಎರಡಕ್ಕೂ ಒಳಗಾಗದೆ ಎಣಿಸಬಲ್ಲವನೇ ಪತ್ರಿಕೋದ್ಯೋಗಿ. ಮೇಲಾಗಿ, ಒಂಬತ್ತು ವರ್ಷಗಳಲ್ಲಿ ಕಾಲಚಕ್ರ ತಿರುಗಿತು: 1947ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯವರೇ ಆದ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ಧ್ವಜವೆತ್ತಿದ ಪಕ್ಷವೇ ಪೊಲೀಸರಿಗೆ ಆಜ್ಞೆ ಕೊಡುವ ಸರ್ಕಾರವಾಯಿತು. ಪಕ್ಷದವನಾದ ಪತ್ರಕರ್ತನಿಗೆ ನಿಜವಾದ ಪರೀಕ್ಷೆ ಒದಗಿದುದು ಅಂದೇ. ಪರರ ಸರ್ಕಾರವನ್ನು ಖಂಡಿಸಲು ಧೈರ್ಯ ಸಾಕು. ತನ್ನವರ ಸರ್ಕಾರವನ್ನು ಖಂಡಿಸಲು ಧರ್ಮ ಬೇಕು.

ಆದುದರಿಂದ ಗುಂಡಪ್ಪನವರ ನಿದರ್ಶನವನ್ನು ನಾವು ನಿಷೇಧವೆಂದು ಭಾವಿಸದೆ ಒರೆಗಲ್ಲೆಂದು ಭಾವಿಸುವುದು ಲೇಸು. ಈ ನಾಲ್ಕು ತಾಲ್ಲೂಕುಗಳ ಹಳೆಯ ಪತ್ರಿಕಾಸಂಚಿಕೆಗಳನ್ನು ಪರಿಶೀಲಿಸುವ ವಿದ್ಯಾರ್ಥಿಗಳು ಲೇಖಕನು ಯಾವ ಪಕ್ಷದವನೆಂದು ಕೇಳಿ ಅಲ್ಲಿಗೇ ನಿಲ್ಲಬಾರದು. ತನ್ನ ಪಕ್ಷ ತಪ್ಪಿದಾಗ ಅವನು ಏನು ಬರೆದನೆಂದು ಹುಡುಕಬೇಕು. ಅವನ ಬಾಳಿನ ಬೆಲೆ ಆ ಪುಟಗಳಲ್ಲಿದೆ.