ಶಂಕು ಮತ್ತು ಗವಿ: ಜ್ವಾಲಾಮುಖಿ ಭೂದೃಶ್ಯದಲ್ಲಿ ವಸ್ತುಸಂಗ್ರಹಾಲಯದ ವಿನ್ಯಾಸ

ವಸ್ತುವನ್ನು ಅದರ ಮೂಲ ನೆಲೆಯಿಂದ ಬಿಡಿಸಿ ತಂದು, ಬೇರೊಂದು ಸೂರಿನಡಿ ಇರಿಸಿ, ಅದಕ್ಕೊಂದು ಹೆಸರುಪಟ್ಟಿ ಅಂಟಿಸುವುದು ವಸ್ತುಸಂಗ್ರಹಾಲಯದ ರೂಢಿಗತ ಕಾರ್ಯವಿಧಾನ. ಹೊಲದ ಬದುವಿನ ಶಾಸನವಾಗಲಿ ಪಾಳುಗುಡಿಯ ವಿಗ್ರಹವಾಗಲಿ ಈ ಕ್ರಮಕ್ಕೆ ಒಗ್ಗುತ್ತವೆ. ಆದರೆ ಪ್ರದರ್ಶಿಸಬೇಕಾದುದು ಭೂದೃಶ್ಯವೇ ಆದಾಗ ಕಟ್ಟಡವು ವಸ್ತುವಿನ ಬಳಿಗೆ ಹೋಗಬೇಕಾಗುತ್ತದೆ. ಹೋದ ಮೇಲೆ ಆ ವಸ್ತುವಿಗೆ ಪೆಟ್ಟು ಕೊಡದೆ ನಿಲ್ಲುವುದು ಸುಲಭವಲ್ಲ. ಈ ಇಕ್ಕಟ್ಟನ್ನು ಎದುರಿಸಿದ ಎರಡು ಯುರೋಪಿಯನ್ ನಿರ್ಮಿತಿಗಳು, ಫ್ರಾನ್ಸಿನ ಓವರ್ನ್ಯ ಪ್ರಾಂತದ ವುಲ್ಕಾನಿಯಾ ಮತ್ತು ಸ್ಪೇನಿಗೆ ಸೇರಿದ ಲಾಂಜಾರೋಟೆ ದ್ವೀಪದಲ್ಲಿ ಸೆಸಾರ್ ಮನ್ರೀಕೆ ರೂಪಿಸಿದ ನೆಲೆಗಳು, ಇಲ್ಲಿ ವಿವೇಚನೆಗೆ ಒಳಗಾಗಿವೆ.

ವುಲ್ಕಾನಿಯಾ 2002ರ ಫೆಬ್ರವರಿಯಲ್ಲಿ ತೆರೆಯಿತು. ಇದರ ಹಿಂದಿದ್ದ ರಾಜಕೀಯ ಸಂಕಲ್ಪ ಫ್ರಾನ್ಸಿನ ಮಾಜಿ ಅಧ್ಯಕ್ಷ ವಲೇರಿ ಜಿಸ್ಕಾರ್ ದೆಸ್ತಾಂ ಅವರದು. ಅವರು ಆಗ ಓವರ್ನ್ಯ ಪ್ರಾಂತೀಯ ಮಂಡಳಿಯ ಅಧ್ಯಕ್ಷರಾಗಿದ್ದರು. ವಿನ್ಯಾಸಕಾರ ಆಸ್ಟ್ರಿಯಾದ ಹಾನ್ಸ್ ಹೊಲೈನ್, 1985ರ ಪ್ರಿಟ್ಜ್‌ಕರ್ ಪ್ರಶಸ್ತಿ ಪುರಸ್ಕೃತ. ಕಟ್ಟಡವನ್ನು ನೆಲದೊಳಗೆ ಇಳಿಸುವ ಆಲೋಚನೆ ಹೊಲೈನ್‌ಗೆ ಹೊಸದಾಗಿರಲಿಲ್ಲ. ಜರ್ಮನಿಯ ಮೊಂಷನ್‌ಗ್ಲಾಡ್‌ಬಾಕ್‌ನಲ್ಲಿ 1982ರಲ್ಲಿ ಪೂರ್ಣಗೊಂಡ ಆಬ್ಟೈಬರ್ಗ್ ಸಂಗ್ರಹಾಲಯ ಗುಡ್ಡದ ಇಳಿಜಾರಿನಲ್ಲಿ ಹುದುಗಿದೆ. ಸಾಲ್ಜ್‌ಬರ್ಗ್‌ನ ಬಂಡೆಯನ್ನು ಕೊರೆದು ಗುಗೆನ್‌ಹೈಮ್ ಸಂಗ್ರಹಾಲಯ ಮಾಡುವ ಯೋಜನೆ ಕಾಗದದ ಮೇಲೆಯೇ ಉಳಿಯಿತು. ವುಲ್ಕಾನಿಯಾವನ್ನು ಈ ಸರಣಿಯ ಮುಂದುವರಿಕೆಯಾಗಿ ನೋಡಬೇಕು. ದಾಂತೆಯ ನರಕಾವರೋಹಣ, ಜೂಲ್ಸ್ ವರ್ನ್‌ನ ಪಾತಾಳಯಾನ ಎರಡೂ ಈ ವಿನ್ಯಾಸದ ಸ್ಫೂರ್ತಿಮೂಲಗಳೆಂದು ಪ್ರಸಿದ್ಧ.

ಕಟ್ಟಡದ ಬಹುಭಾಗ ನೆಲದಡಿಯಲ್ಲಿದೆ. ಹಳೆಯ ಲಾವಾ ಹರಿವನ್ನು ಕಡಿದು ತೆಗೆದ ಕುಂಡವೊಂದರ ಅಂಚಿನಲ್ಲಿ ಸಂದರ್ಶಕರು ಕೆಳಗಿಳಿಯುತ್ತಾರೆ. ಮೇಲೆ ಕಾಣುವುದು ಮುಖ್ಯವಾಗಿ ಸೀಳಿದ ಒಂದು ಶಂಕು: ಹೊರಮೈಗೆ ಕಪ್ಪು ಜ್ವಾಲಾಮುಖಿ ಶಿಲೆ, ಒಳಮೈಗೆ ಹೊನ್ನಿನ ಬಣ್ಣದ ಲೋಹದ ಹೊದಿಕೆ. ಬಿಸಿಲು ಬಿದ್ದಾಗ ಒಳಭಾಗ ಕುದಿಯುವ ಶಿಲಾರಸದಂತೆ ಹೊಳೆಯಬೇಕೆಂಬುದು ಆಶಯ. ಹೊಳೆಯುತ್ತದೆ ಕೂಡ. ಕಟ್ಟಡದ ದೌರ್ಬಲ್ಯವಿರುವುದೂ ಈ ಯಶಸ್ಸಿನಲ್ಲಿಯೇ. ವುಲ್ಕಾನಿಯಾ ನಿಂತಿರುವ ಪ್ಯುಯ್ ಸರಣಿಯಲ್ಲಿ ಸುಮಾರು 80 ಜ್ವಾಲಾಮುಖಿಗಳಿವೆ. ಇವುಗಳಲ್ಲಿ ಶಂಕುಗಳಿವೆ, ಗುಮ್ಮಟಗಳಿವೆ, ನೀರು ಮತ್ತು ಶಿಲಾರಸ ಸಂಧಿಸಿ ಸಿಡಿದ ಕುಳಿಗಳೂ ಇವೆ. ಸರಣಿಯ ಅತ್ಯುನ್ನತ ಶಿಖರ, 1465 ಮೀಟರ್ ಎತ್ತರದ ಪ್ಯುಯ್ ದ ದೋಮ್, ಶಂಕುವೇ ಅಲ್ಲ. ಮಂದವಾದ ಶಿಲಾರಸ ಹರಿಯಲಾರದೆ ನಿಂತಲ್ಲಿಯೇ ಉಬ್ಬಿ ಗಟ್ಟಿಯಾದ ಗುಮ್ಮಟ. ಇಂಥ ವೈವಿಧ್ಯದ ನಡುವೆ ಹೊಲೈನ್ ಆರಿಸಿಕೊಂಡದ್ದು ಮಕ್ಕಳ ಪಠ್ಯಪುಸ್ತಕದ ಚಿತ್ರವನ್ನು. ಜ್ವಾಲಾಮುಖಿ ಎಂದರೆ ಶಂಕು ಎಂಬ ಸಮೀಕರಣ ಎಷ್ಟು ಅಪೂರ್ಣವೆಂಬುದು ದಖ್ಖನಿನ ಓದುಗರಿಗೆ ಬೇಗ ಹೊಳೆದೀತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾದ ಮೇಲೆ ವಿಜಯಪುರದ ಸೀಮೆ ನಿಂತಿದೆ. ಗೋಳಗುಮ್ಮಟದ ಕಪ್ಪುಗಲ್ಲು ಅದೇ ಬಸಾಲ್ಟ್. ಅಲ್ಲಿ ದಿಗಂತದವರೆಗೆ ಒಂದು ಶಂಕುವೂ ಕಾಣದು.

ಹಾಗೆಂದು ವುಲ್ಕಾನಿಯಾವನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಾಗದು. ಕುಂಡಕ್ಕೆ ಇಳಿಯುವಾಗ ಪಕ್ಕದಲ್ಲಿ ಬರಿದಾಗಿ ನಿಲ್ಲುವ ಕಡಿದ ಬಂಡೆಯ ಗೋಡೆ ಆ ಸಂಗ್ರಹಾಲಯದ ಅತ್ಯಂತ ಪ್ರಾಮಾಣಿಕ ಪ್ರದರ್ಶಿಕೆ. ಅದಕ್ಕೆ ಯಂತ್ರದ ಗುಡುಗು ಬೇಕಿಲ್ಲ, ಕೃತಕ ಹೊಗೆ ಬೇಕಿಲ್ಲ. ಆದರೆ ಆ ಗೋಡೆ ಕಾಣಿಸಲು ಬಂಡೆಯನ್ನು ಕಡಿಯಲೇಬೇಕಾಯಿತು. 1977ರಲ್ಲಿ ಸ್ಥಾಪಿತವಾದ ಪ್ರಾಂತೀಯ ನಿಸರ್ಗೋದ್ಯಾನದ ವ್ಯಾಪ್ತಿಯಲ್ಲಿ ಇಷ್ಟು ಅಗೆತ ಸಲ್ಲದೆಂದು ಪರಿಸರ ಸಂಘಟನೆಗಳು ತೀವ್ರವಾಗಿ ವಿರೋಧಿಸಿದವು; ವಿರೋಧಿಗಳು ಯೋಜನೆಗೆ ‘ಜಿಸ್ಕಾರ್‌ದೋಸ್ಕೋಪ್’ ಎಂಬ ಅಣಕದ ಹೆಸರನ್ನೂ ಇಟ್ಟರು. ಇಂಥದೊಂದು ಜ್ವಾಲಾಮುಖಿ ಕೇಂದ್ರದ ಕನಸು ಕಂಡಿದ್ದ ವಿಜ್ಞಾನಿ ದಂಪತಿ ಮೋರಿಸ್ ಮತ್ತು ಕಾತ್ಯಾ ಕ್ರಾಫ್ಟ್ 1991ರ ಜೂನ್ 3ರಂದು ಜಪಾನಿನ ಉನ್ಜೆನ್ ಪರ್ವತದ ಸ್ಫೋಟದಲ್ಲಿ ಮಡಿದಿದ್ದರು. ವರ್ಷಗಳು ಕಳೆದಂತೆ ವುಲ್ಕಾನಿಯಾದಲ್ಲಿ ಮನರಂಜನೆಯ ಸವಾರಿಗಳು ಸೇರಿಕೊಂಡವು. ಶಂಕುವಿನ ಹೊನ್ನಿನ ಹೊಳಪು ಆ ದಾರಿಯನ್ನು ಮೊದಲೇ ಸೂಚಿಸಿತ್ತೆಂದರೆ ತಪ್ಪಾಗದು. 2018ರಲ್ಲಿ ಪ್ಯುಯ್ ಸರಣಿಗೆ ವಿಶ್ವಪರಂಪರೆಯ ಮನ್ನಣೆ ದೊರೆತದ್ದು ಅದರ ಭೂರಚನೆಗಾಗಿ.

ಮನ್ರೀಕೆಯ ಮಾರ್ಗ ಬೇರೆ. ಲಾಂಜಾರೋಟೆಯ ಆರೆಸೀಫೆಯಲ್ಲಿ 1919ರಲ್ಲಿ ಹುಟ್ಟಿದ ಈ ಚಿತ್ರಕಲಾವಿದ ನ್ಯೂಯಾರ್ಕ್‌ನಿಂದ 1966ರಲ್ಲಿ ದ್ವೀಪಕ್ಕೆ ಹಿಂದಿರುಗಿ, ತಾಇಚೆಯ ಲಾವಾ ಬಯಲಿನಲ್ಲಿ ಮನೆ ಕಟ್ಟಲು ಹೊರಟರು. 1730ರಿಂದ 1736ರವರೆಗೆ ನಡೆದ ಸ್ಫೋಟಗಳ ಲಾವಾ ಅದು. ದ್ವೀಪದ ಸುಮಾರು ಕಾಲುಭಾಗವನ್ನು ಮುಚ್ಚಿದ ದುರಂತ. ಕರಿಬಂಡೆಯ ನಡುವಿನಿಂದ ತಲೆಯೆತ್ತಿದ ಅಂಜೂರದ ಮರವೊಂದು ಅವರಿಗೆ ಗವಿಯ ಸುಳಿವು ಕೊಟ್ಟಿತು. ಲಾವಾ ಆರುವಾಗ ಅನಿಲದಿಂದ ಉಂಟಾದ ಐದು ಗುಳ್ಳೆಗಳನ್ನು ಬಂಡೆಯಲ್ಲಿ ಕೊರೆದ ಕಿರುದಾರಿಗಳಿಂದ ಜೋಡಿಸಿ ಕೆಳಮಹಡಿ ಮಾಡಿದರು. ಮೇಲಿನದು ದ್ವೀಪದ ಬಿಳಿಗಾರೆಯ ಸಾಂಪ್ರದಾಯಿಕ ಮನೆ. 1992ರಲ್ಲಿ ಇದು ಅವರ ಹೆಸರಿನ ಪ್ರತಿಷ್ಠಾನದ ಸಂಗ್ರಹಾಲಯವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದರ ಸಮೀಪದ ರಸ್ತೆಯಲ್ಲಿ ಅಪಘಾತಕ್ಕೀಡಾಗಿ ಮನ್ರೀಕೆ ತೀರಿಕೊಂಡರು.

ಇಲ್ಲಿ ಜ್ವಾಲಾಮುಖಿಯನ್ನು ಅನುಕರಿಸುವ ಯಾವ ಆಕಾರವೂ ಇಲ್ಲ. ಜ್ವಾಲಾಮುಖಿ ಬಿಟ್ಟುಹೋದ ಪೊಳ್ಳನ್ನು ಕಟ್ಟಡ ಬಳಸಿಕೊಂಡಿದೆ, ಅಷ್ಟೆ. ಒಂದು ಕೋಣೆಯಲ್ಲಂತೂ ಕಪ್ಪು ಲಾವಾ ಕಿಟಕಿಯ ಗಾಜನ್ನು ದಾಟಿ ಒಳನೆಲಕ್ಕೆ ಹರಿದು ಬಂದಂತಿದೆ. ಮನೆ ಎಲ್ಲಿ ಮುಗಿಯಿತು, ಬಯಲು ಎಲ್ಲಿ ಆರಂಭವಾಯಿತು ಎಂಬ ಗೆರೆ ಅಳಿಸಿಹೋಗುತ್ತದೆ. ಹೊಲೈನ್‌ನ ಶಂಕು ದೂರದಿಂದ ನೋಡಲು ಕಟ್ಟಿದ್ದು. ಮನ್ರೀಕೆಯ ಗವಿ ದೂರದಿಂದ ಕಾಣುವುದೇ ಇಲ್ಲ, ಒಳಹೊಕ್ಕವರಿಗೆ ಮಾತ್ರ ಅದು ಉಂಟು. ಜ್ವಾಲಾಮುಖಿಯನ್ನು ಆಕೃತಿಯಾಗಿ ಅಲ್ಲದೆ ಕ್ರಿಯೆಯಾಗಿ ಗ್ರಹಿಸಿದ ವಿನ್ಯಾಸ ಎರಡನೆಯದೆಂದು ನಿಸ್ಸಂಶಯವಾಗಿ ಹೇಳಬಹುದು.

ಆದರೂ ಮನ್ರೀಕೆ ಕುರಿತ ಬರಹಗಳಲ್ಲಿ ಕಾಣುವ ಆರಾಧನಾಭಾವವನ್ನು ಪ್ರಶ್ನಿಸಬೇಕಾಗಿದೆ. ಗವಿಯೊಳಗಿನ ಬಿಳಿ ನೆಲ, ಮೆತ್ತೆಯ ಆಸನ, ನೀಲಿ ಕೊಳ ಇವೆಲ್ಲ ಕಣ್ಣಿಗೆ ಹಿತ. ಈ ಹಿತದಲ್ಲಿ ಲಾವಾದಡಿ ಮುಚ್ಚಿಹೋದ ಊರುಗಳ ನೆನಪಿಗೆ ಎಡೆಯೆಲ್ಲಿ? ಯಾಯ್ಸದ ಪಾದ್ರಿ ಆಂದ್ರೆಸ್ ಲೊರೆಂಜೊ ಕುರ್ಬೆಲೊ ಆ ಸ್ಫೋಟಗಳನ್ನು ಕಂಡು ಬರೆದಿಟ್ಟ ವೃತ್ತಾಂತದ ಭೀತಿ ಈ ಕೋಣೆಗಳಲ್ಲಿ ಸುಳಿಯುವುದಿಲ್ಲ. ಈ ದೃಷ್ಟಿಯಿಂದ ಲಾ ಹೆರಿಯಾದ ರೈತರು ಬೂದಿಯಲ್ಲಿ ಗುಂಡಿ ತೋಡಿ, ಗಾಳಿಗೆ ಅಡ್ಡಲಾಗಿ ಅರ್ಧವೃತ್ತದ ಕಲ್ಲುಗೋಡೆ ಕಟ್ಟಿ ದ್ರಾಕ್ಷಿ ಬೆಳೆದ ಬಗೆ ಯಾವ ವಾಸ್ತುಶಿಲ್ಪಿಯ ಕೆಲಸಕ್ಕಿಂತಲೂ ಮಿಗಿಲಾದ ಪಾಠ.

ಮತ್ತೊಂದು ತೊಡಕು ಯಶಸ್ಸಿನದು. ದ್ವೀಪದ ಉತ್ತರದಲ್ಲಿ ಲಾ ಕೊರೋನಾ ಜ್ವಾಲಾಮುಖಿಯ ಲಾವಾ ಸುರಂಗದ ಸೂರು ಕುಸಿದಲ್ಲಿ ಮನ್ರೀಕೆ ರೂಪಿಸಿದ ಹಾಮೆಯೋಸ್ ದೆಲ್ ಆಗ್ವಾ ಇದಕ್ಕೆ ನಿದರ್ಶನ. ಇಂಥ ನೆಲೆಗಳ ಕೀರ್ತಿಯೇ ದ್ವೀಪಕ್ಕೆ ಪ್ರವಾಸಿಗರ ದಂಡನ್ನು ಎಳೆದು ತಂದಿತು. 1980ರ ದಶಕದಲ್ಲಿ ಹೋಟೆಲು ನಿರ್ಮಾಣದ ಭರಾಟೆಯ ವಿರುದ್ಧ ಮನ್ರೀಕೆ ಸ್ವತಃ ಬಹಿರಂಗವಾಗಿ ದನಿಯೆತ್ತಬೇಕಾಯಿತು. ಆ ಗವಿಯ ಉಪ್ಪುನೀರಿನ ಕೊಳದಲ್ಲಿ ಕಣ್ಣಿಲ್ಲದ ಪುಟ್ಟ ಬಿಳಿ ಏಡಿಗಳಿವೆ. ಈ ಪ್ರಭೇದ ಲಾಂಜಾರೋಟೆಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಹರಕೆಯ ಹುರುಪಿನಲ್ಲಿ ಪ್ರವಾಸಿಗರು ಕೊಳಕ್ಕೆ ಎಸೆಯುವ ನಾಣ್ಯಗಳು ತುಕ್ಕುಹಿಡಿದರೆ ಆ ಲೋಹ ಏಡಿಗಳಿಗೆ ವಿಷ. ಆದಕಾರಣ ಅಲ್ಲಿ ನಾಣ್ಯ ಎಸೆಯುವುದನ್ನು ನಿಷೇಧಿಸಲಾಗಿದೆ.